ಯಾವ ಹುಳು, ಯಾರು ಹೊಡೆದ ಔಷಧಿ?

ಸಕಲೇಶಪುರದಿಂದ ನೀವು ಕಳಿಸಿದ 'ಕೀಟನಾಶಕಗಳು ಮತ್ತು ಸಿಹಿನೀರಿನ ಬಸವನಹುಳು' ಲೇಖನ ಬಂದು ಮೂರು ವಾರವಾಯಿತು. ಶ್ರಮ ಪಟ್ಟಿದ್ದೀರಿ, ಕಾಗುಣಿತ ತಪ್ಪಿಲ್ಲ, ವಿಷಯ ನಮ್ಮ ಜಿಲ್ಲೆಗೆ ಬೇಕಾದದ್ದೇ. ಅಭಿನಂದನೆ. ಆದರೆ ಎರಡು ಸಲ ಓದಿದೆ, ಎರಡು ಸಲವೂ ಸಿಟ್ಟು ಬಂತು.

ನಿಮ್ಮ ಮೊದಲ ಸಾಲು: "ಕೀಟನಾಶಕಗಳ ಬಳಕೆಯಿಂದ ಬಸವನಹುಳುಗಳ ಅಂಗಾಂಶಗಳ ಮೇಲೆ ದುಷ್ಪರಿಣಾಮ ಉಂಟಾಗುತ್ತದೆ." ಬಳಸಿದ್ದು ಯಾರು? ಯಾವ ಔಷಧಿ? ಉತ್ತರ ನಿಮ್ಮ ಹತ್ತಿರವೇ ಇದೆ, 4ನೇ ಪುಟದಲ್ಲಿ ಅವಿತು ಕೂತಿದೆ. ಕಾಫಿಗೆ ಬೆರ್ರಿ ಬೋರರ್, ಅಂದರೆ ಹಣ್ಣು ಕೊರೆಯುವ ಹುಳು, ಬಿತ್ತು ಅಂತ ನಿಮ್ಮ ಅಪ್ಪ ಕ್ಲೋರ್‌ಪೈರಿಫಾಸ್ ಹೊಡೆಸಿದರು. ಮಾರನೇ ದಿನ ಮಳೆ ಬಂತು. ತೋಟದ ನೀರು ಕೆಳಗಿನ ಗದ್ದೆಗೆ ಇಳಿಯಿತು. ಅದು ನರಕ್ಕೆ ಹೊಡೆಯುವ ವಿಷ, ಇದು ಬೋರರ್, ಇದು ಬಸವನಹುಳು ಅಂತ ನೋಡುವುದಿಲ್ಲ. ಇಷ್ಟನ್ನೂ ಒಂದೇ ಸಾಲಿನಲ್ಲಿ ಮುಗಿಸಿ ಮತ್ತೆ 'ಉಂಟಾಗುತ್ತದೆ'ಗೆ ಓಡಿದ್ದೀರಿ. ಅಪ್ಪನ ಹೆಸರು ಬರುತ್ತದಲ್ಲ ಅನ್ನೋ ಸಂಕೋಚ ಇರಬಹುದು. ಹಾಗಿದ್ದರೆ 'ನಾವು ಹೊಡೆದೆವು' ಅನ್ನಿ. ತಾನಾಗಿ ಉಂಟಾಗಲು ಅದೇನು ಮಂಜಾ?

2ನೇ ಪುಟದ ಸಾಲು ಇನ್ನೂ ಕೆಟ್ಟದ್ದು: "ಗಂಡು ಹಾಗೂ ಹೆಣ್ಣು ಹುಳುಗಳೆರಡರಲ್ಲೂ ಸಂತಾನೋತ್ಪತ್ತಿ ಸಾಮರ್ಥ್ಯ ಕುಗ್ಗುವುದು ಕಂಡುಬರುತ್ತದೆ." ಯಾವ ಹುಳು, ತಾಯಿ? ಗದ್ದೆಯ ದಪ್ಪ ಬಸವನಹುಳು ಪೈಲಾ ಆದರೆ ಸರಿ. ಅದರಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಚಿಪ್ಪಿನ ಬಾಯಿಗೆ ಮುಚ್ಚಳ ಇರುತ್ತದೆ, ಬೇಸಿಗೆಯಲ್ಲಿ ಅದನ್ನು ಮುಚ್ಚಿಕೊಂಡು ಕೆಸರಿನೊಳಗೆ ಮಲಗಿಬಿಡುತ್ತದೆ, ಮೊಟ್ಟೆಯನ್ನು ನೀರಿನಾಚೆ ಒದ್ದೆ ಮಣ್ಣಿನಲ್ಲಿ ಇಡುತ್ತದೆ. ಆದರೆ ಔಷಧಿ ಬೆರೆಸಿ ನೋಡಲು ನೀವು ಬಾಟಲಿಯಲ್ಲಿ ಸಾಕಿದ್ದು ಲಿಮ್ನಿಯಾ ಅನ್ನೋ ಇನ್ನೊಂದು ಬಗೆಯ ಬಸವನಹುಳು. ಅದಕ್ಕೆ ಮುಚ್ಚಳವೂ ಇಲ್ಲ, ಗಂಡು ಹೆಣ್ಣೆಂಬ ಭೇದವೂ ಇಲ್ಲ. ಒಂದೇ ಗ್ರಂಥಿಯಲ್ಲಿ ಅಂಡಾಣುವೂ ವೀರ್ಯಾಣುವೂ ಆಗುತ್ತವೆ. ಆ ಗ್ರಂಥಿ ಇರುವುದು ಚಿಪ್ಪಿನ ತುದಿ ಸುರುಳಿಯಲ್ಲಿ, ಜೀರ್ಣಗ್ರಂಥಿಗೆ ಅಂಟಿಕೊಂಡು. ಮೈಗೆ ಸೇರಿದ ವಿಷ ಜಾಸ್ತಿ ಬಂದು ಕೂರುವುದು ಆ ಜೀರ್ಣಗ್ರಂಥಿಯಲ್ಲೇ. ಗೋಡೆ ಪಕ್ಕದ ಮನೆಗೆ ಬೆಂಕಿ ಬಿದ್ದ ಹಾಗೆ ಅಲ್ವಾ? ಇದನ್ನು ಬರೆದಿದ್ದರೆ 'ಸಂತಾನೋತ್ಪತ್ತಿ ಸಾಮರ್ಥ್ಯ' ಅನ್ನೋ ಹತ್ತು ಗಾಲಿ ಲಾರಿ ಬೇಕಾಗುತ್ತಿರಲಿಲ್ಲ.

ಇನ್ನು 'ಕಂಡುಬರುತ್ತದೆ'. ಯಾರಿಗೆ? ಕಂಡದ್ದು ನಿಮಗೇ. ಎಲೆಯ ಅಡಿಗೆ ಅಂಟಿದ ಲೋಳೆ, ಅದರೊಳಗೆ ಬೆಂದ ಸಾಬೂದಾನಿಯ ಹಾಗೆ ಮೊಟ್ಟೆ. ಔಷಧಿ ಬೆರೆಸಿದ ಬಾಟಲಿಯಲ್ಲಿ ಲೋಳೆ ಚಿಕ್ಕದು, ಮೊಟ್ಟೆ ಬೆಳ್ಳಗಾಗಿ ಒಡೆಯದೇ ಉಳಿದವು. ಇದನ್ನು ಸುಮ್ನೆ ಅಡಿಟಿಪ್ಪಣಿಗೆ ತಳ್ಳಿದ್ದೀರಿ. ಎಣಿಸಿದ್ದೇನೆ ಅಂತೀರಿ, ಲೆಕ್ಕ ಎಲ್ಲಿ?

ಹಾಸನದ ಒಂದು ಸಣ್ಣ ಪತ್ರಿಕೆಗೆ ನಾನು ಸೇರಿದ ಹೊಸದು. ಇನ್ನೂ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲ. ಆಲೂರು ಕಡೆಯ ಕೆರೆಯೊಂದರಲ್ಲಿ ಮೀನು ಸತ್ತ ಸುದ್ದಿ ತಂದು 'ಅಪಾರ ಸಂಖ್ಯೆಯ ಮೀನುಗಳು ಸಾವನ್ನಪ್ಪಿವೆ' ಅಂತ ಬರೆದೆ. ಮೊಳೆ ಜೋಡಿಸುವವರು ಕನ್ನಡಕ ಮೇಲೆತ್ತಿ, "ಅಪಾರಕ್ಕೆ ಮೊಳೆ ಇದೆ ಕಣಯ್ಯ, ಮೀನಿನ ಹೆಸರೇನು?" ಅಂದರು. ಸಂಪಾದಕರು ಕೇಳಲಿಲ್ಲ, ಇವರು ಕೇಳಿದರು! ಮರುದಿನ ಬಸ್ಸು ಹತ್ತಿ ವಾಪಸ್ ಹೋದೆ. ಮೀನೆಲ್ಲ ಕಾಗೆ ಪಾಲಾಗಿತ್ತು. ದಡದಲ್ಲಿ ಬಸವನಹುಳುಗಳು ಮುಚ್ಚಳ ತೆರೆದುಕೊಂಡು ಬಿದ್ದಿದ್ದವು. ಬದುಕಿದ್ದರೆ ಮುಟ್ಟಿದೊಡನೆ ಬಾಗಿಲು ಹಾಕಿಕೊಳ್ಳುವ ಹುಳು ಅದು. ಒಂದನ್ನು ಎತ್ತಿಕೊಂಡೆ, ಮಾಂಸ ಜಾರಿ ನನ್ನ ಚಪ್ಪಲಿ ಮೇಲೆ ಬಿತ್ತು. ಮೀನಿನ ಹೆಸರು ಕೇಳಿಕೊಂಡು ಬಂದು ಸುದ್ದಿ ಸರಿ ಮಾಡಿದೆ. ಹುಳುವಿನ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಹುಳು ಸುದ್ದಿಯೇ ಅಲ್ಲ ಅಂದುಕೊಂಡಿದ್ದೆ.

ಲೇಖನ ವಾಪಸ್ ಕಳಿಸುತ್ತಿದ್ದೇನೆ. ಮೊದಲ ಮೂರು ಪುಟ ಬೇಡ. 4ನೇ ಪುಟದ ಮಳೆಯಿಂದ ಶುರು ಮಾಡಿ. ಹುಳುವಿನ ಹೆಸರು ಸರಿ ಮಾಡಿ, ಮೊಟ್ಟೆ ಲೆಕ್ಕ ಹಾಕಿ, ದೀಪಾವಳಿಗೆ ಮುಂಚೆ ತಲುಪಿಸಿ. ಕಳಿಸುವ ಮೊದಲು ಅಪ್ಪನಿಗೊಮ್ಮೆ ಓದಿ ಹೇಳಿ.