ವೀಸಾ ಕೈಯಲ್ಲಿದ್ದರೂ ಏರ್‌ಲೈನ್ ಕೌಂಟರ್‌ನವರು ತಡೆಯಬಹುದಾ? ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ದುಬೈಗೆ ಹೋಗೋಕೆ ತೊಂದರೆನಾ?

ತಡೆಯಬಹುದು, ತಡೀತಾರೆ ಕೂಡ. ಒಂದೇ ಹೆಸರಿನ ಪಾಸ್‌ಪೋರ್ಟಿಗೆ ದುಬೈ ವಿಷಯದಲ್ಲಂತೂ ಬೇರೆಯೇ ನಿಯಮ ಇದೆ. ಟಿಕೆಟ್ ಇನ್ನೂ ಮಾಡಿಸಿಲ್ಲ ಅಂದರೆ ಕೆಳಗಿನದು ಓದೋವರೆಗೂ ಮಾಡಿಸಬೇಡಿ.

ನೀವು ಬರೆದಿದ್ದು ಇಷ್ಟು: ಊರು ಸಿಂಧನೂರು, ತಂದೆಯವರು ಮೊದಲ ಸಲ ವಿಮಾನ ಹತ್ತಿ ದುಬೈಯಲ್ಲಿರುವ ನಿಮ್ಮ ತಮ್ಮನ ಮನೆಗೆ ಹೊರಟಿದ್ದಾರೆ, ವಿಸಿಟ್ ವೀಸಾಕ್ಕೆ ಹಾಕಿದ್ದೀರಿ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಹುಟ್ಟಿದ ದಿನ 1962ರ ಜೂನ್ 1. ಟಿಕೆಟ್ ಮಾಡುವವನು "ಹೆಸರಿನ ಪ್ರಾಬ್ಲಂ ಆಗ್ತದ" ಅಂದಿದ್ದಾನೆ. ವೀಸಾ ಕೊಡೋದು ಆ ದೇಶ, ನಡುವೆ ಏರ್‌ಲೈನಿನವರು ಯಾರು ಕೇಳೋಕೆ, ಹೇಗೂ ಆಧಾರ್ ಇದೆ, ಏರ್‌ಪೋರ್ಟಿನಲ್ಲಿ ಮುಖ ತೋರಿಸಿ ಒಳಗೆ ಹೋಗುವ ಡಿಜಿಯಾತ್ರಾ ಇದೆ ಅನ್ನೋದು ನಿಮ್ಮ ವಾದ.

ನಾನು ಹೈದರಾಬಾದಿನ ಶಂಷಾಬಾದ್ ಏರ್‌ಪೋರ್ಟಿನಲ್ಲಿ ಒಂದು ಏರ್‌ಲೈನಿನ ಚೆಕ್-ಇನ್ ಕೌಂಟರ್‌ನಲ್ಲಿ ಕೆಲಸ ಮಾಡಿದವನು. ಈಗ ರಾಯಚೂರಿನಲ್ಲೇ ಪಾಸ್‌ಪೋರ್ಟ್ ಅರ್ಜಿ, ಟಿಕೆಟ್ ಕೆಲಸ ಮಾಡಿಕೊಂಡಿದ್ದೇನೆ. ಕೌಂಟರ್‌ನ ಆ ಕಡೆ ಕೂತವರಿಗೆ ಏನು ಕಾಣುತ್ತೆ ಅನ್ನೋದು ಈ ಕಡೆ ನಿಂತವರಿಗೆ ಗೊತ್ತಿಲ್ಲದ್ದರಿಂದಲೇ ಅರ್ಧ ಜಗಳ ಆಗೋದು.

ಮೊದಲು ಏರ್‌ಲೈನಿನವರು ಯಾರು ಅನ್ನೋ ಪ್ರಶ್ನೆ. ದಾಖಲೆ ಸರಿಯಿಲ್ಲದವರನ್ನು ಹತ್ತಿಸಿಕೊಂಡು ಹೋದರೆ ದಂಡ ಬೀಳೋದು ಏರ್‌ಲೈನಿನ ಮೇಲೆ, ಆ ಪ್ರಯಾಣಿಕರನ್ನು ವಾಪಸ್ ಕರೆತರುವ ಹೊಣೆಯೂ ಅವರದೇ. ಬಹುತೇಕ ಎಲ್ಲ ದೇಶಗಳಲ್ಲೂ ಹೀಗೇ. ನಮ್ಮಲ್ಲಿ ಇದಕ್ಕೇ ಅಂತ 2000ದಲ್ಲಿ ಒಂದು ಕಾನೂನು ಬಂದಿತ್ತು. 2025ರ ಸೆಪ್ಟೆಂಬರ್ 1ರಿಂದ ಅದನ್ನೂ, 1920ರ ಪಾಸ್‌ಪೋರ್ಟ್ ಪ್ರವೇಶ ಕಾಯ್ದೆ, 1946ರ ವಿದೇಶಿಯರ ಕಾಯ್ದೆಗಳನ್ನೂ ತೆಗೆದು ವಲಸೆ ಮತ್ತು ವಿದೇಶಿಯರ ಕಾಯ್ದೆ ಅಂತ ಒಂದೇ ಮಾಡಿದ್ದಾರೆ. ಹೊಣೆ ಮಾತ್ರ ಏರ್‌ಲೈನಿನ ಹೆಗಲಿನಿಂದ ಇಳಿದಿಲ್ಲ. ಹಾಗಾಗಿ ಕೌಂಟರ್‌ನಲ್ಲಿ ಕೂತ ಹುಡುಗ ಟೈಮ್ಯಾಟಿಕ್ ಅಂತ ಒಂದು ಡೇಟಾಬೇಸ್ ತೆಗೆದು ನೋಡ್ತಾನೆ: ಈ ದೇಶದ ಪಾಸ್‌ಪೋರ್ಟಿನವರು ಆ ದೇಶಕ್ಕೆ ಈ ಕಾರಣಕ್ಕೆ ಹೋಗಬೇಕಾದರೆ ಏನೇನು ಬೇಕು, ಪಾಸ್‌ಪೋರ್ಟ್ ಇನ್ನೂ ಎಷ್ಟು ತಿಂಗಳು ಚಾಲ್ತಿಯಲ್ಲಿರಬೇಕು, ವಾಪಸ್ ಟಿಕೆಟ್ ಬೇಕಾ. ಅಲ್ಲಿ ಇಲ್ಲ ಅಂತ ಬಂದರೆ ಅವನು ಹತ್ತಿಸಲ್ಲ. ನೀವು ಕೂಗಾಡಿದರೂ ಅಷ್ಟೇ, ಎಂಎಲ್ಎ ಕಡೆಯಿಂದ ಫೋನ್ ಮಾಡಿಸಿದರೂ ಅಷ್ಟೇ. (ಮಾಡಿಸಿದವರಿದ್ದಾರೆ.)

ಈಗ ಹೆಸರಿಗೆ ಬರೋಣ. ನಿಮ್ಮ ಕೇಸಿನ ಗಂಟು ಇರೋದೇ ಇಲ್ಲಿ.

2022ರ ನವೆಂಬರ್ 21ರಿಂದ ಯುಎಇ, ಅಂದರೆ ದುಬೈ ಇರುವ ದೇಶ, ಒಂದು ನಿಯಮ ತಂದಿತು: ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದು, ಸರ್‌ನೇಮ್ ಅಥವಾ ಗಿವನ್ ನೇಮ್ (ಸ್ವಂತ ಹೆಸರು) ಖಾಲಿ ಇದ್ದರೆ ಟೂರಿಸ್ಟ್, ವಿಸಿಟ್ ವೀಸಾದವರನ್ನು ಒಳಗೆ ಬಿಡಲ್ಲ ಅಂತ. ರೆಸಿಡೆನ್ಸ್ ವೀಸಾ ಇರೋರಿಗೆ, ಎರಡೂ ಕಾಲಂನಲ್ಲಿ ಅದೇ ಹೆಸರು ತುಂಬಿಸಿಕೊಂಡಿದ್ದರೆ ವಿನಾಯಿತಿ ಕೊಟ್ಟರು. ಆಮೇಲೆ ಬಂದ ಸ್ಪಷ್ಟೀಕರಣದಲ್ಲಿ, ಪಾಸ್‌ಪೋರ್ಟಿನ ಎರಡನೇ ಮಾಹಿತಿ ಪುಟದಲ್ಲಿ ತಂದೆಯ ಹೆಸರು ಅಥವಾ ಮನೆತನದ ಹೆಸರಿದ್ದರೆ ಒಪ್ಪಬಹುದು ಅಂದರು. ನಮ್ಮ ಪಾಸ್‌ಪೋರ್ಟಿನಲ್ಲಿ ತಂದೆ, ತಾಯಿ, ಹೆಂಡತಿಯ ಹೆಸರು, ವಿಳಾಸ ಇರೋದು ಕೊನೆಯ ಕಡೆ ಪುಟದಲ್ಲಿ. ನಿಮ್ಮ ತಂದೆಯವರದ್ದು ಅಲ್ಲಿ ಸರಿಯಾಗಿ ಅಚ್ಚಾಗಿದೆಯಾ ಅಂತ ಇವತ್ತೇ ನೋಡಿ. ಇದ್ದರೂ ನಿಮ್ಮ ಏರ್‌ಲೈನಿಗೆ ಮೇಲ್ ಮಾಡಿ ಉತ್ತರವನ್ನು ಬರಹದಲ್ಲೇ ತಗೊಳ್ಳಿ. ಈ ನಿಯಮವನ್ನು ಒಬ್ಬೊಬ್ಬರು ಒಂದೊಂದು ಥರ ಓದಿಕೊಂಡಿದ್ದನ್ನು ನೋಡಿದ್ದೇನೆ.

ನಮ್ಮ ಕಡೆ ಜನಕ್ಕೆ ಇದು ಬಹಳ ಅನ್ಯಾಯದ ನಿಯಮ ಅನ್ನೋದು ನನ್ನ ಅಭಿಪ್ರಾಯ. ಬಾಣಂತನಕ್ಕೆ ಅಂತ ಮಗಳ ಹತ್ತಿರ ಹೊರಟಿದ್ದ ಮಾನ್ವಿ ಕಡೆಯ ಅಮ್ಮ ಒಬ್ಬರು ಕೌಂಟರ್‌ಗೆ ಬಂದಿದ್ದರು. ಕೈಯಲ್ಲಿ ಖಾರದ ಪುಡಿಯ ಡಬ್ಬ, ಸೆರಗಿನಲ್ಲಿ ಸುತ್ತಿದ ಪಾಸ್‌ಪೋರ್ಟು. ಟಿಕೆಟ್ ಮಾಡಿದವನು ಸರ್‌ನೇಮ್ ಜಾಗ ಖಾಲಿ ಬಿಡೋಕೆ ಆಗದೆ ಗಂಡನ ಹೆಸರು ತುಂಬಿಬಿಟ್ಟಿದ್ದ. ಪಾಸ್‌ಪೋರ್ಟಿನಲ್ಲಿ ಬರೀ ಹುಲಿಗೆಮ್ಮ. "ಯವ್ವಾ, ಪೂರ್ತಿ ಹೆಸರು ಹೇಳ್ರಿ" ಅಂದೆ. "ಪೂರಾನೇ ಅದ ಅದಪ್ಪಾ, ಇನ್ನೇನ್ ಅರ್ಧ ಮನ್ಯಾಗ ಇಟ್ಟು ಬಂದೀನೇನು?" ಅಂದರು. ಹಿಂದೆ ಕ್ಯೂನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಅವರ ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಬುಕಿಂಗ್ ಸಿಸ್ಟಂಗೆ ಎರಡು ಡಬ್ಬಿ, ಎರಡೂ ತುಂಬಲೇಬೇಕು. ಒಂದೇ ಹೆಸರಿನವರಿಗೆ ಏನು ತುಂಬಬೇಕು ಅನ್ನೋದಕ್ಕೆ ಏರ್‌ಲೈನಿನಿಂದ ಏರ್‌ಲೈನಿಗೆ ಪದ್ಧತಿ ಬೇರೆ. ಅಮೆರಿಕದವರು ಇಂಥ ವೀಸಾದ ಮೇಲೆ ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು, ಅಂದರೆ 'ಮೊದಲ ಹೆಸರು ಗೊತ್ತಿಲ್ಲ' ಅಂತಲೇ ಅಚ್ಚು ಹಾಕಿ ಕೊಡ್ತಾರೆ! ಆ ಅಮ್ಮನ ಟಿಕೆಟಿನ ಹೆಸರು ತಿದ್ದಿಸಿ ಕಳಿಸಿದೆವು, ಅದು 2022ಕ್ಕಿಂತ ಹಿಂದಿನ ಮಾತು. ಈಗಾಗಿದ್ದರೆ ಅಷ್ಟು ಸುಲಭ ಇರಲಿಲ್ಲ.

ಇಷ್ಟೊಂದು ಹಟ ಯಾಕೆ ಅಂತ ಗೊತ್ತಾಗಬೇಕಾದರೆ ಪಾಸ್‌ಪೋರ್ಟಿನ ಫೋಟೊ ಪುಟದ ತಳ ನೋಡಿ. ಎರಡು ಸಾಲು, ಒಂದೊಂದರಲ್ಲೂ 44 ಅಕ್ಷರ. ಇದರ ಅಳತೆ, ಅಚ್ಚು, ಕ್ರಮ ಎಲ್ಲ ಗೊತ್ತು ಮಾಡಿರೋದು ಐಕಾವೊ, ಅಂದರೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ತನ್ನ 9303ನೇ ನಂಬರಿನ ದಸ್ತಾವೇಜಿನಲ್ಲಿ. ಮೊದಲ ಸಾಲಿನಲ್ಲಿ ದೇಶ ಮತ್ತು ಹೆಸರು, ಉಳಿದ ಜಾಗಕ್ಕೆಲ್ಲ ಬಾಣದ ಗುರುತು. ಎರಡನೆಯದರಲ್ಲಿ ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ, ಮುಗಿಯುವ ದಿನ, ಪ್ರತಿಯೊಂದರ ಪಕ್ಕ ಒಂದು ಪರೀಕ್ಷಾ ಅಂಕಿ. ನಿಮ್ಮ ತಂದೆಯವರ ಹುಟ್ಟಿದ ದಿನ ಅಲ್ಲಿ 620601 ಅಂತ ಇರುತ್ತೆ. ಅಂಕಿಗಳನ್ನು ವರಸೆಯಾಗಿ 7, 3, 1, ಮತ್ತೆ 7, 3, 1ರಿಂದ ಗುಣಿಸಿ ಕೂಡಿ: 42, 6, 0, 42, 0, 1. ಒಟ್ಟು 91. ಕೊನೆಯ ಅಂಕಿ 1, ಅದೇ ಪಕ್ಕದಲ್ಲಿ ಅಚ್ಚಾಗಿರುತ್ತೆ. ಯಾರಾದರೂ 62ನ್ನು ಕೈತಪ್ಪಿ 26 ಅಂತ ಹೊಡೆದರೆ ಮೊತ್ತ 75 ಆಗಿ 5 ಬರುತ್ತೆ, ತಾಳೆ ಆಗಲ್ಲ, ಮಷೀನು ಒಪ್ಪಲ್ಲ. ಪಾಸ್‌ಪೋರ್ಟ್ ತೆಗೆದು ಲೆಕ್ಕ ಹಾಕಿ ನೋಡಿ, ಮಕ್ಕಳಿಗೂ ಮಜಾ ಬರುತ್ತೆ. ಆದರೆ ನೋಡಿ, ಹೆಸರಿಗೆ ಮಾತ್ರ ಇಂಥ ಪರೀಕ್ಷಾ ಅಂಕಿ ಇಲ್ಲ. ಹೆಸರು ತಪ್ಪಿದ್ದರೆ ಮಷೀನು ಅದನ್ನೇ ಸರಿ ಅಂತ ಓದಿಕೊಂಡು ಹೋಗುತ್ತೆ.

ಕೌಂಟರ್‌ನಲ್ಲಿ ಪಾಸ್‌ಪೋರ್ಟನ್ನು ಆ ಮಷೀನಿಗೆ ಉಜ್ಜಿದ ಮೇಲೆ ಈ ವಿವರ ಎಪಿಐ, ಅಂದರೆ ಪ್ರಯಾಣಿಕರ ಮುಂಗಡ ಮಾಹಿತಿ ಅನ್ನೋ ಹೆಸರಿನಲ್ಲಿ ವಲಸೆ ಇಲಾಖೆಗೆ ಹೊರಡುತ್ತೆ. ಅದಕ್ಕೂ ಮೊದಲೇ ಟಿಕೆಟ್ ಬುಕ್ ಮಾಡುವಾಗ ಕೊಟ್ಟ ಹೆಸರು, ಫೋನ್, ದುಡ್ಡು ಕಟ್ಟಿದ ರೀತಿ, ಜೊತೆಗಿರುವವರು ಇದೆಲ್ಲ ಪಿಎನ್‌ಆರ್ ಅಂತ ಇನ್ನೊಂದು ಕಡೆಗೆ ಹೋಗಿರುತ್ತೆ. ನಮ್ಮಲ್ಲಿ 2022ರ ಆಗಸ್ಟಿನ ನಿಯಮದ ಪ್ರಕಾರ ಏರ್‌ಲೈನು ವಿಮಾನ ಹೊರಡೋಕೆ 24 ಗಂಟೆ ಮೊದಲೇ ಇದನ್ನು ಕಸ್ಟಮ್ಸ್‌ನವರಿಗೆ ಕಳಿಸಬೇಕು. ಅವರು ಅದನ್ನು ಹೆಚ್ಚೆಂದರೆ 5 ವರ್ಷ ಇಟ್ಟುಕೊಳ್ಳಬಹುದು, ಆಮೇಲೆ ಗುರುತು ಸಿಗದ ಹಾಗೆ ಮಾಡಬೇಕು. ಅಂದರೆ ನಿಮ್ಮ ತಂದೆ ಸಿಂಧನೂರಿನಲ್ಲಿ ಇನ್ನೂ ಬ್ಯಾಗು ಕಟ್ಟುತ್ತಿರುವಾಗಲೇ ಅವರ ಹೆಸರಿನ ತಪಾಸಣೆ ಶುರುವಾಗಿರುತ್ತೆ. ದುಬೈ ಕೌಂಟರ್‌ನ ಅಧಿಕಾರಿ ಮುಖ ನೋಡೋದು ಎಲ್ಲಕ್ಕಿಂತ ಕೊನೆಗೆ.

ಇಲ್ಲೇ ಆ ಜೂನ್ 1ರ ವಿಷಯ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಬರೆದ ತಾರೀಖು ಅದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮೂರಲ್ಲಿ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರು. ಪೊಲೀಸರು, ಕೋರ್ಟು ಹುಡುಕುತ್ತಿರುವವರ ಲುಕ್‌ಔಟ್ ಸರ್ಕ್ಯುಲರ್ ಪಟ್ಟಿಗೆ ಕಂಪ್ಯೂಟರು ಹೆಸರು ಮತ್ತು ಹುಟ್ಟಿದ ದಿನ ತಾಳೆ ಹಾಕಿದಾಗ, ಒಂದೇ ಪದದ ಸಾಮಾನ್ಯ ಹೆಸರು, ಮೇಲೆ ಜೂನ್ 1 ಅಂತ ಬಂದರೆ ಬೇರೆ ಯಾರದೋ ಜೊತೆ ಹೊಂದಿಬಿಡುವ ಸಾಧ್ಯತೆ ಜಾಸ್ತಿ. ಹಾಗಾದಾಗ ಪಕ್ಕಕ್ಕೆ ಕರೆದು ತಂದೆಯ ಹೆಸರು, ಊರು, ಹಳೇ ಪಾಸ್‌ಪೋರ್ಟ್ ಎಲ್ಲ ಕೇಳ್ತಾರೆ, ಅವರಲ್ಲ ಅಂತ ಖಾತ್ರಿಯಾದರೆ ಬಿಡ್ತಾರೆ. ತಂದೆಯವರಿಗೆ ಮೊದಲೇ ಹೇಳಿಟ್ಟಿರಿ, ಗಾಬರಿಯಾಗಿ ಏನೇನೋ ಮಾತಾಡೋದು ಬೇಡ. ಬಾಯಲ್ಲಿ ಹೇಳುವ ತಾರೀಖು ಪಾಸ್‌ಪೋರ್ಟಿನದ್ದೇ ಇರಲಿ; "ನಾ ಹುಟ್ಟಿದ್ದು ಸೀಗಿಹುಣ್ಣಿಮಿ ಟೈಮಿನ್ಯಾಗ" ಅಂತ ನಿಜ ಹೇಳೋ ಜಾಗ ಅದಲ್ಲ.

ಇನ್ನು ನೀವು ಹೇಳಿದ ಆಧಾರ್ ಭಾರತದ ಒಳಗಿನ ಗುರುತು, ದುಬೈ ಇಮಿಗ್ರೇಷನ್‌ಗೆ ಲೆಕ್ಕಕ್ಕಿಲ್ಲ. ಡಿಜಿಯಾತ್ರಾ 2022ರ ಡಿಸೆಂಬರಿನಲ್ಲಿ ಶುರುವಾಗಿದ್ದು ದೇಶದೊಳಗಿನ ವಿಮಾನಗಳಿಗೆ, ಇದಕ್ಕೆ ಬರಲ್ಲ. ತೋರಣಗಲ್ಲಿನ ಜಿಂದಾಲ್ ಏರ್‌ಪೋರ್ಟಿನಿಂದ ಹೊರಟರೂ ಅಲ್ಲಿ ಇಮಿಗ್ರೇಷನ್ ಚೆಕ್‌ಪೋಸ್ಟ್ ಇಲ್ಲ, ಮುಂದಿನ ದೊಡ್ಡ ಏರ್‌ಪೋರ್ಟಿನಲ್ಲೇ ಆಗಬೇಕು. ಇಸಿಆರ್ ಬಗ್ಗೆ ಯಾರಾದರೂ ಹೆದರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ: ಹತ್ತನೇ ಕ್ಲಾಸು ಪಾಸಾಗದವರು ಗಲ್ಫ್ ಸೇರಿ 18 ದೇಶಗಳಿಗೆ ದುಡಿಯೋಕೆ ಹೋಗುವಾಗಿನ ತಪಾಸಣೆ ಅದು. ನಿಮ್ಮ ತಂದೆಗೆ 50 ದಾಟಿದೆ, ಹೋಗ್ತಿರೋದೂ ಮಗನ ಮನೆಗೆ.

ಶಂಷಾಬಾದಿನಲ್ಲಿ ಪಾಸ್‌ಪೋರ್ಟು ಮತ್ತೆ ಮತ್ತೆ ತೋರಿಸಬೇಕಾಗುತ್ತೆ. ಬಾಗಿಲಲ್ಲಿ ಭದ್ರತೆಯ ಸಿಐಎಸ್‌ಎಫ್‌ನವರು, ಆಮೇಲೆ ಏರ್‌ಲೈನು, ಆಮೇಲೆ ಇಮಿಗ್ರೇಷನ್, ಕೊನೆಗೆ ವಿಮಾನದ ಗೇಟಿನಲ್ಲಿ ಇನ್ನೊಂದು ಸಲ. "ಎಷ್ಟ್ ಸಲ ನೋಡ್ತೀರಿ" ಅಂತ ಹಿರಿಯರು ಸಿಟ್ಟಾಗೋದು ಆ ಕೊನೆಯ ಸಲವೇ. ಅದಕ್ಕೂ ಕಾರಣ ಇದೆ: ಇಮಿಗ್ರೇಷನ್ ದಾಟಿದ ಇಬ್ಬರು ಒಳಗೆ ಬೋರ್ಡಿಂಗ್ ಪಾಸ್ ಅದಲು ಬದಲು ಮಾಡಿಕೊಂಡರೆ ಹಿಡಿಯೋಕೆ ಉಳಿದಿರೋ ಜಾಗ ಅದೊಂದೇ. ಮೊದಲಿದ್ದ ಡಿಪಾರ್ಚರ್ ಫಾರಂ 2017ರ ಜುಲೈ 1ರಿಂದ ಇಲ್ಲ, ಹಾಗಾಗಿ ಬರೆಯೋಕೆ ಬರದವರಿಗೆ ಪೆನ್ನು ಹಿಡಿದವರನ್ನು ಹುಡುಕೋ ತಾಪತ್ರಯ ತಪ್ಪಿದೆ.

ಬೆರಳು ಸವೆದಿದೆ, ರೇಷನ್ ಅಂಗಡಿಯಲ್ಲಿ ಥಂಬ್ ತಗೊಳ್ಳಲ್ಲ ಅಂತಲೂ ಬರೆದಿದ್ದೀರಿ. ಹೊಲದ ಕೈ, ಆಗೋದೇ. ಯುಎಇಯವರು ನಂಬಿಕೊಂಡಿರೋದು ಹೆಚ್ಚಾಗಿ ಮುಖ ಮತ್ತು ಕಣ್ಣಿನ ಪಾಪೆಯನ್ನು. ಒಮ್ಮೆ ಗಡೀಪಾರು ಆದವರು ಹೆಸರು, ಹುಟ್ಟಿದ ದಿನ ಬದಲಾಯಿಸಿಕೊಂಡು ಹೊಸ ಪಾಸ್‌ಪೋರ್ಟಿನಲ್ಲಿ ವಾಪಸ್ ಬರ್ತಿದ್ದರು ಅಂತ 2000ದ ದಶಕದ ಆರಂಭದಲ್ಲೇ ಅಲ್ಲಿ ಕಣ್ಣು ಸ್ಕ್ಯಾನ್ ಮಾಡೋದು ಶುರುವಾಯಿತು. ಕನ್ನಡಕ ತೆಗೆದು, ಕ್ಯಾಮೆರಾ ನೋಡಿ ನಿಂತರೆ ಆಯಿತು.

ನನ್ನ ಸಲಹೆ ಕೇಳಿದರೆ, ಹೊರಡೋಕೆ ಇನ್ನೂ ಸಮಯ ಇದ್ದರೆ ಪಾಸ್‌ಪೋರ್ಟನ್ನೇ ರೀಇಷ್ಯೂಗೆ ಹಾಕಿ ಸರ್‌ನೇಮ್ ಸೇರಿಸಿಬಿಡಿ. ಮನೆತನದ ಹೆಸರೋ, ಊರ ಹೆಸರೋ, ಅವರ ತಂದೆಯ ಹೆಸರೋ, ಯಾವುದಾದರೂ ಸರಿ. ಅದಕ್ಕೆ ಮುಂಚೆ ಆಧಾರ್‌ನಲ್ಲೂ ಅದೇ ಸ್ಪೆಲಿಂಗಿನಲ್ಲಿ ಬರುವ ಹಾಗೆ ಮಾಡಿಸಿ. ಡಬಲ್ ಎ, ಸಿಂಗಲ್ ಎ ವ್ಯತ್ಯಾಸ ಕೂಡ ಬೇಡ. ವೀಸಾ ಅರ್ಜಿ ಈಗಾಗಲೇ ಹಳೇ ಪಾಸ್‌ಪೋರ್ಟ್ ನಂಬರಿನ ಮೇಲೆ ಹೋಗಿದೆ ಅಂದಿರಲ್ಲ, ಪಾಸ್‌ಪೋರ್ಟ್ ಬದಲಾದರೆ ಆ ವೀಸಾ ನಡೆಯಲ್ಲ, ಹೊಸದಾಗಿ ಹಾಕಬೇಕು. ದುಡ್ಡು ಹೋಗುತ್ತೆ ನಿಜ. ಕೌಂಟರ್‌ನಿಂದ ವಾಪಸ್ ಬಂದರೆ ಟಿಕೆಟ್ಟಿನ ದುಡ್ಡೂ ಹೋಗುತ್ತೆ, ಮುದುಕರ ಮನಸ್ಸೂ ಮುರಿಯುತ್ತೆ. ಹೊಸ ಪಾಸ್‌ಪೋರ್ಟ್ ಬಹುಶಃ ಚಿಪ್ ಇರುವ ಇ-ಪಾಸ್‌ಪೋರ್ಟೇ ಬರಬಹುದು, ಮುಂದಿನ ಕವರಿನ ಮೇಲೆ 'ಪಾಸ್‌ಪೋರ್ಟ್' ಪದದ ಕೆಳಗೆ ಚಿಕ್ಕ ಬಂಗಾರದ ಗುರುತಿರುತ್ತೆ.

ಇನ್ನೊಂದು. ಪಾಸ್‌ಪೋರ್ಟಿನ ಫೋಟೊ ತೆಗೆದು ಇಲ್ಲಿ ಹಾಕಿ "ಸರಿ ಇದೆಯಾ ನೋಡಿ" ಅಂತ ಕೇಳಬೇಡಿ. ಆ ಚಿಪ್ಪನ್ನು ಓದೋಕೆ ಬೇಕಾದ ಕೀಲಿ ತಯಾರಾಗೋದೇ ತಳದ ಸಾಲಿನ ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ, ಮುಗಿಯುವ ದಿನ ಈ ಮೂರರಿಂದ. ಸರ್‌ನೇಮ್ ಜಾಗದಲ್ಲಿ ಏನಿದೆ, ಗಿವನ್ ನೇಮ್ ಜಾಗದಲ್ಲಿ ಏನಿದೆ ಅಂತ ಬರೆದರೆ ಸಾಕು, ಹೇಳ್ತೀನಿ.