ಪಾಲಿಕೆ ಶಾಲೆಯಲ್ಲಿ ಪೋಷಕರ ಮಾತು ನಿಜವಾಗಿ ನಡೆಯುತ್ತದಾ?

ಮಗಳು ಮುಂಬೈಯ ಪಾಲಿಕೆ ಕನ್ನಡ ಶಾಲೆಯಲ್ಲಿ 8ನೇ ಕ್ಲಾಸು, ಶಾಲಾ ಸಮಿತಿಗೆ ಕರೆದಿದ್ದಾರೆ, ಹೋಗಿ ಏನು ಪ್ರಯೋಜನ ಎಂದು ಕೇಳಿದ್ದೀರಿ. ಖಂಡಿತ ಹೋಗಿ.

2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಅರ್ಧದಷ್ಟು ಮಹಿಳೆಯರು. ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು, ಬಂದ ಅನುದಾನ ಎಲ್ಲಿ ಖರ್ಚಾಯಿತೆಂದು ನೋಡುವುದು ಸಮಿತಿಯದೇ ಕೆಲಸ. ಆದರೆ ಎಷ್ಟೋ ಸಲ ಏನಾಗುತ್ತದೆ? ಮರಾಠಿಯಲ್ಲಿ ಬರೆದ ನಡಾವಳಿ ಪುಸ್ತಕ ಮುಂದಿಡುತ್ತಾರೆ, ಚಹಾ ಬರುತ್ತದೆ, ಸುಮ್ನೆ ಸಹಿ ಹಾಕಿ ಎದ್ದು ಬರುತ್ತೇವೆ. ಹಾಗೆ ಮಾಡಬೇಡಿ, ಓದಿಸಿ ಕೇಳಿ. ಹುಡುಗಿಯರ ಶೌಚಾಲಯದ ಚಿಲಕ ಮುರಿದಿದ್ದರೆ, ವಿಜ್ಞಾನದ ಟೀಚರ್ ಇಲ್ಲದಿದ್ದರೆ ಯೋಜನೆಯಲ್ಲೇ ಬರೆಸಿ. ಬಾಯಿಮಾತಿನ ದೂರಿಗಿಂತ ಅದಕ್ಕೆ ತೂಕ ಜಾಸ್ತಿ.

ಒಂದು ತೊಡಕಿದೆ. ಈ ಕಾಯ್ದೆ 8ನೇ ತರಗತಿಗೇ ನಿಲ್ಲುತ್ತದೆ. ಪ್ರೌಢಶಾಲೆಗೆ ಪೋಷಕರಿರುವ ಸಮಿತಿ ಬಂದದ್ದು 2009ರಲ್ಲೇ ಶುರುವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ ಎಂಬ ಕೇಂದ್ರ ಸರ್ಕಾರದ ಯೋಜನೆಯಿಂದ. 2018ರಲ್ಲಿ ಆ ಅಭಿಯಾನ ಶಾಲಾ ಶಿಕ್ಷಣಕ್ಕೆಲ್ಲ ಒಂದೇ ಯೋಜನೆಯಾದ ಸಮಗ್ರ ಶಿಕ್ಷಾದೊಳಗೆ ಸೇರಿಹೋಯಿತು. ಸರ್ಕಾರಿ ಯೋಜನೆಯ ನಿಯಮ ಕಾಯ್ದೆಯಷ್ಟು ಗಟ್ಟಿಯಲ್ಲ. ನನ್ನ ಪ್ರಕಾರ ಇದೇ ದೊಡ್ಡ ಕೊರತೆ. ಹತ್ತನೇ ಕ್ಲಾಸಿನ ಹೊತ್ತಿಗೇ ಅಲ್ವಾ ನಮಗೆ ಚಿಂತೆ ಜಾಸ್ತಿ? ಮಗಳು 9ನೇ ತರಗತಿಗೆ ಹೋದಾಗ ಪ್ರೌಢಶಾಲೆಯ ಸಮಿತಿಗೆ ಸೇರುವುದು ಹೇಗೆಂದು ಹೆಡ್‌ಮಾಸ್ಟರನ್ನು ಈಗಲೇ ಕೇಳಿಟ್ಟುಕೊಳ್ಳಿ.