ಕ್ರೋಮೋಸೋಮು ಬದಲಾದ ಮೊದಲ ಇಲಿಗೆ ಜೋಡಿ ಸಿಕ್ಕಿದ್ದು ಹೇಗೆ?

ಪ್ರಶ್ನೆ: ಮನೆಯ ಸಣ್ಣ ಇಲಿಗೆ 40 ಕ್ರೋಮೋಸೋಮು (ಜೀವಕೋಶದಲ್ಲಿ ಜೀನುಗಳನ್ನು ಹೊತ್ತ ಎಳೆ). ಅದರ ಬಂಧುಗಳಲ್ಲಿ ಕೆಲವಕ್ಕೆ 26, 22 ಅಂತೆ. ಹಾಗಾದರೆ ಸಂಖ್ಯೆ ಬದಲಾದ ಮೊದಲ ಇಲಿ ಹೇಸರಗತ್ತೆಯ ಹಾಗೆ ಬಂಜೆಯಾಗಬೇಕಿತ್ತು, ಅಲ್ವಾ? (ಓದುಗರು, ಬಸವನಗುಡಿ)

ಉತ್ತರ: ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಬಹಳ ಜನ ಕೊನೆಗೆ ‘ಆದ್ದರಿಂದ ಜೀವವಿಕಾಸವೇ ಸುಳ್ಳು’ ಎಂದು ಸೇರಿಸಿ ಕಳಿಸುತ್ತಾರೆ. ನೀವು ಸೇರಿಸಿಲ್ಲ. ಅದಕ್ಕೇ ವಿವರವಾಗಿ ಬರೆಯುತ್ತೇನೆ.

ಮೊದಲು ಹೇಸರಗತ್ತೆಯನ್ನು ಪಕ್ಕಕ್ಕಿಡಿ. ಅದರ ತಾಯಿ ಕುದುರೆಗೆ 64, ತಂದೆ ಕತ್ತೆಗೆ 62. ಆದರೆ ಅಲ್ಲಿನ ತೊಂದರೆ ಬರೀ ಆ ಎರಡರ ವ್ಯತ್ಯಾಸದ್ದಲ್ಲ. ಎಷ್ಟೋ ಕ್ರೋಮೋಸೋಮುಗಳ ಒಳಜೋಡಣೆಯೇ ಬೇರೆ ಬೇರೆ.

ಮನೆ ಇಲಿಯ ಕ್ರೋಮೋಸೋಮುಗಳಲ್ಲಿ ಸೆಂಟ್ರೋಮಿಯರ್ (ಕೋಶ ಒಡೆಯುವಾಗ ಕ್ರೋಮೋಸೋಮನ್ನು ಹಿಡಿದು ಎಳೆಯುವ ಜಾಗ) ಒಂದು ತುದಿಯಲ್ಲೇ ಇರುತ್ತದೆ. ಎರಡು ಊದುಬತ್ತಿಗಳ ಕಡ್ಡಿ ತುದಿಗಳನ್ನು ಸೇರಿಸಿ ಕಟ್ಟಿದ ಹಾಗೆ, ಎರಡು ಕ್ರೋಮೋಸೋಮುಗಳು ಆ ತುದಿಯಲ್ಲಿ ಕೂಡಿಕೊಳ್ಳುತ್ತವೆ. ಇದಕ್ಕೆ ರಾಬರ್ಟ್‌ಸೋನಿಯನ್ ಜೋಡಣೆ ಎನ್ನುತ್ತೇವೆ. 1916ರಲ್ಲಿ ವಿಜ್ಞಾನಿ ರಾಬರ್ಟ್‌ಸನ್ ಇದನ್ನು ಮಿಡತೆಗಳಲ್ಲಿ ವಿವರಿಸಿದ್ದರು. ಎಣಿಕೆ ಕಡಿಮೆಯಾಯಿತು, ಜೀನುಗಳು ಹೆಚ್ಚುಕಮ್ಮಿ ಎಲ್ಲವೂ ಉಳಿದವು.

ಹಾಗಾಗಿ ಮೊದಲ ಇಲಿಗೆ 39 ಇರುತ್ತದೆ. ಅದು ಆರೋಗ್ಯವಾಗಿಯೇ ಇರುತ್ತದೆ. ವೀರ್ಯ ಅಥವಾ ಅಂಡ ತಯಾರಾಗುವಾಗ, ಕೂಡಿಕೊಂಡ ಆ ಒಂದು ಮತ್ತು ಬಿಡಿಯಾದ ಎರಡು, ಮೂರೂ ಒಟ್ಟಿಗೆ ಜೋಡಿಯಾಗಿ ಸಾಮಾನ್ಯವಾಗಿ ಸರಿಯಾಗಿಯೇ ಹಂಚಿಕೆಯಾಗುತ್ತವೆ. ಮರಿ ಸ್ವಲ್ಪ ಕಡಿಮೆಯಾಗಬಹುದು, ಅಷ್ಟೇ. ಅದಕ್ಕೆ ಬೇಕಾದ ಜೋಡಿ ಪಕ್ಕದ ಬಿಲದ ಮಾಮೂಲಿ ಇಲಿ! ಅರ್ಧದಷ್ಟು ಮರಿಗಳಿಗೆ 39 ಬರುತ್ತದೆ. ಕಣಜದಂಥ ಜಾಗದಲ್ಲಿ ಇಲಿಗಳು ಚಿಕ್ಕ ಗುಂಪಿನಲ್ಲೇ ಕೂಡುತ್ತವೆ. 39 ಇರುವ ಎರಡು ಇಲಿಗಳು ಕೂಡಿದರೆ ನಾಲ್ಕರಲ್ಲಿ ಒಂದು ಮರಿಗೆ 38. ಇನ್ನೊಂದು ವಿಷಯ: ಹೆಣ್ಣಿನಲ್ಲಿ ಅಂಡ ತಯಾರಾಗುವಾಗ ಕ್ರೋಮೋಸೋಮುಗಳು ನಾಲ್ಕು ಪಾಲಾಗುತ್ತವೆ, ಅಂಡಕ್ಕೆ ಹೋಗುವುದು ಒಂದೇ ಪಾಲು. ಕೆಲವು ಇಲಿಗಳಲ್ಲಿ ಕೂಡಿಕೊಂಡ ಕ್ರೋಮೋಸೋಮಿಗೆ ಆ ಜಾಗ ಜಾಸ್ತಿ ಸಿಗುತ್ತದೆ. ಹಾಗಾದಾಗ ಅದು ಬೇಗ ಹರಡುತ್ತದೆ.

ತಡೆ ಬೀಳುವುದು ಆಮೇಲೆ. ಒಂದು ಕಣಿವೆಯಲ್ಲಿ 1 ಮತ್ತು 2ನೇ ಕ್ರೋಮೋಸೋಮು ಕೂಡಿಕೊಂಡವು, ಪಕ್ಕದ ಕಣಿವೆಯಲ್ಲಿ 2 ಮತ್ತು 3ನೆಯವು ಕೂಡಿಕೊಂಡವು ಎಂದುಕೊಳ್ಳಿ. ಎರಡೂ ಕಡೆಯ ಇಲಿಗಳು ಕೂಡಿದರೆ ಮರಿಯಲ್ಲಿ ಕ್ರೋಮೋಸೋಮುಗಳು ಸರಪಳಿಯಾಗಿ ಸಿಕ್ಕಿಕೊಳ್ಳುತ್ತವೆ, ಹಂಚಿಕೆ ಕೆಡುತ್ತದೆ. ಇಂಥ ಜೋಡಣೆಗಳು ನಾಲ್ಕಾರು ಇದ್ದರೆ ಮರಿ ಬಂಜೆಯೇ. ಸಂಖ್ಯೆ ಒಂದೇ ಇದ್ದರೂ ಹೀಗಾಗುತ್ತದೆ. ಅದಕ್ಕೇ ಬರೀ ಸಂಖ್ಯೆ ಎಣಿಸಬೇಡಿ ಎಂದು ಗೋಗರೆಯುವುದು.

ಇದು ಕಲ್ಪನೆಯಲ್ಲ. ಸ್ವಿಟ್ಜರ್ಲೆಂಡಿನ ಪೋಸ್ಕಿಯಾವೊ ಕಣಿವೆಯ ಮನೆ ಇಲಿಗೆ 26. ಅಟ್ಲಾಂಟಿಕ್ ಸಾಗರದ ಮದೇರಾ ದ್ವೀಪದಲ್ಲಿ ಮನೆ ಇಲಿಯ ಆರು ಬಗೆಗಳಿವೆ, 22ರಿಂದ 30ರವರೆಗೆ. ಅವುಗಳ ಪೂರ್ವಜರು ಹಡಗಿನಲ್ಲಿ ಬಂದು ಹೆಚ್ಚೆಂದರೆ ಸಾವಿರ ವರ್ಷವಾಗಿರಬಹುದು. ನಮ್ಮ ಕಡೆಗೇ ಬನ್ನಿ. ರಾಗಿ ಹೊಲದ ಪುಟ್ಟ ಇಲಿ ಮಸ್ ಬೂಡುಗ ಬೇರೆಯೇ ಪ್ರಭೇದ, ಆದರೂ ಅದಕ್ಕೆ 40. ಕಲ್ಲುಗುಡ್ಡದ ಮುಳ್ಳುಕೂದಲಿನ ಇಲಿ ಮಸ್ ಪ್ಲಾಟಿಥ್ರಿಕ್ಸ್‌ಗೆ 26. ಪೋಸ್ಕಿಯಾವೊದ್ದೂ 26 ಅಲ್ವಾ ಎಂದು ಎರಡನ್ನೂ ಒಂದೇ ಗುಂಪಿಗೆ ಹಾಕಬೇಡಿ. ದಾರಿಯೇ ಬೇರೆ.

ಪ್ರಶ್ನೆ: ಕ್ರೋಮೋಸೋಮು ಜಾಸ್ತಿ ಇದ್ದರೆ ಬುದ್ಧಿ ಜಾಸ್ತಿಯೇ? (ಓದುಗರು, ಯಲಹಂಕ)

ಉತ್ತರ: ಇಲ್ಲ. ಅರ್ಜೆಂಟೀನಾದ ಒಂದು ಇಲಿಯಂಥ ಪ್ರಾಣಿಗೆ 102 ಇವೆ, ನಿಮಗೆ 46.

ಪ್ರಶ್ನೆ: ಹೆಗ್ಗಣ ಅಂದರೆ ವಯಸ್ಸಾದ ಇಲಿಯೇ? (ಓದುಗರು, ಕೆಂಗೇರಿ)

ಉತ್ತರ: ಅಲ್ಲ. ಬೇರೆ ಪ್ರಾಣಿ. ದಯವಿಟ್ಟು ಮಕ್ಕಳಿಗೆ ಹೀಗೆ ಹೇಳಿಕೊಡಬೇಡಿ.

ಪ್ರಶ್ನೆ: ನನ್ನ ಮಗಳ ವರದಿಯಲ್ಲಿ 45 ಕ್ರೋಮೋಸೋಮು, ರಾಬರ್ಟ್‌ಸೋನಿಯನ್ ಎಂದಿದೆ. ಎರಡು ಸಲ ಗರ್ಭ ನಿಲ್ಲಲಿಲ್ಲ. ಒಬ್ಬರು ‘ಡಿಎನ್‌ಎ ಶುದ್ಧಿ’ ಕಷಾಯ ಕೊಡುತ್ತೇವೆ ಎನ್ನುತ್ತಿದ್ದಾರೆ. ಕೊಡಿಸಲೇ? (ಓದುಗರು, ರಾಜಾಜಿನಗರ)

ಉತ್ತರ: ಬೇಡಮ್ಮ. ಒಂದು ರೂಪಾಯಿಯನ್ನೂ ಕೊಡಬೇಡಿ. ಕೂಡಿಕೊಂಡ ಕ್ರೋಮೋಸೋಮನ್ನು ಬಿಡಿಸುವ ಕಷಾಯ, ಮಾತ್ರೆ, ಯಂತ್ರ ಯಾವುದೂ ಇಲ್ಲ. ಇದೆ ಎನ್ನುವವನು ನಿಮ್ಮ ದುಃಖದಿಂದ ದುಡ್ಡು ಮಾಡುತ್ತಿದ್ದಾನೆ. ಸುಮಾರು ಸಾವಿರ ಜನರಲ್ಲಿ ಒಬ್ಬರಿಗೆ ಹೀಗಿರುತ್ತದೆ, ಬಹುಪಾಲು ಜನರಿಗೆ ಗೊತ್ತೇ ಇರುವುದಿಲ್ಲ. ಮಗಳದ್ದು ತಪ್ಪಲ್ಲ, ಕಾಯಿಲೆಯೂ ಅಲ್ಲ. ಆದರೆ ಇಲಿಯ ಲೆಕ್ಕವನ್ನು ಮನುಷ್ಯರಿಗೆ ಹಚ್ಚುವುದಕ್ಕೆ ನನಗೆ ಧೈರ್ಯವಿಲ್ಲ. ಯಾವ ಎರಡು ಕೂಡಿವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಗಂಡ ಹೆಂಡತಿ ಇಬ್ಬರೂ ವರದಿ ಹಿಡಿದು, ಮುಂದಿನ ಗರ್ಭಕ್ಕೆ ಮೊದಲೇ, ತಳಿಶಾಸ್ತ್ರದ ವೈದ್ಯರನ್ನು ಕಾಣಲಿ. ವಾಟ್ಸ್ಆ್ಯಪ್‌ನಲ್ಲಿ ಬಂದ ವರದಿ ನೋಡಿ ನಾನು ಸಲಹೆ ಕೊಡುವುದಿಲ್ಲ. ಹಾಗೆ ಕೊಡುವವರನ್ನು ನೀವೂ ನಂಬಬೇಡಿ.